ಮಂಚವಿದ್ದರೂ ಹಾಸಿಗೆ ಸುತ್ತುವ ವಿಚಾರ

ಕರುಣಾ, ಸ್ಯಾಮಿ,

ಹೋದ ವಾರ ನಿಮ್ಮಮ್ಮ ಹಾಸನದಿಂದ ಫೋನ್ ಮಾಡಿದಾಗ ನಿಮ್ಮಿಬ್ಬರ ಮೇಲೆ ಒಂದು ದೂರು ಹೇಳಿದಳು. ಬೆಳಿಗ್ಗೆ ಎದ್ದ ಮೇಲೆ ನೀವು ಹೊದಿಕೆ ಮಡಿಸುವುದಿಲ್ಲವಂತೆ. ಸ್ಯಾಮಿ ಎದ್ದು ಹೋದ ಹಾಸಿಗೆ ನೋಡಿದರೆ ಹಾವು ಪೊರೆ ಬಿಟ್ಟು ಹೋದ ಹಾಗಿರುತ್ತದಂತೆ. ಹುಡುಗ ಶಾಲೆಗೆ ಹೋಗಿ ಎಷ್ಟು ಹೊತ್ತಾದರೂ ಹೊದಿಕೆ ಮಾತ್ರ ಇನ್ನೂ ಅವನ ಆಕಾರದಲ್ಲೇ ಮಲಗಿರುತ್ತದಂತೆ. ಕೇಳಿದರೆ ಕರುಣಾ, "ರಾತ್ರಿ ಮತ್ತೆ ಮಲಗೇ ಮಲಗ್ತೀವಲ್ಲ, ಯಾಕೆ ಮಡಿಸ್ಬೇಕು?" ಎಂದಳಂತೆ. "ನೀನಾದ್ರೂ ಒಂದಿಷ್ಟು ಬುದ್ಧಿ ಹೇಳವ್ವ" ಎಂದು ನಿಮ್ಮಮ್ಮ ಫೋನನ್ನು ನಿಮ್ಮ ಕೈಗೆ ಕೊಟ್ಟಳು. ನಾನು "ಊಟ ಆಯ್ತಾ?" ಎಂದೆ. ನೀವು "ಆಯ್ತು" ಎಂದಿರಿ. ಬುದ್ಧಿ ಹೇಳುವ ಕೆಲಸ ಅಲ್ಲಿಗೆ ಮುಗಿಯಿತು.

ನನಗೆ ಎದುರಿಗೆ ಮಾತಾಡಲು ಸಂಕೋಚ. ಫೋನಿನಲ್ಲಿ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ತಲೆ ತಗ್ಗಿಸಿದರೂ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳ ಬರವಣಿಗೆ ಇದು; ತಪ್ಪುಗಳಿದ್ದರೆ ತಿದ್ದಿಕೊಳ್ಳಿ, ಆದರೆ ತಿದ್ದಿದ್ದನ್ನು ನನಗೆ ತೋರಿಸಬೇಡಿ. ಹಾಸಿಗೆಯ ವಿಷಯದಲ್ಲಿ ನಿಮಗೆ ಬುದ್ಧಿ ಹೇಳುವ ಅಧಿಕಾರ ನನಗೆ ಬಂದಿರುವುದು ಈಚೆಗೆ. ಅದನ್ನು ನಾನು ಮಲಗಿಯೇ ಸಂಪಾದಿಸಿದೆ.

ಅಜ್ಜಿ ಅಟ್ಟದ ಏಣಿಯಿಂದ ಬಿದ್ದು ಮಂಡಿ ಮುರಿದುಕೊಂಡಳು ಎಂದು ನೀವು ಕೇಳಿರಬಹುದು. ಊರಿನಲ್ಲೂ ಹಾಗೆಯೇ ಹೇಳುತ್ತಾರೆ. ಅದು ಏಣಿಗೆ ಮಾಡುವ ಅನ್ಯಾಯ. ಮದುವೆಯಾಗಿ ಬಂದಾಗಿನಿಂದ ಆ ಏಣಿಯನ್ನು ಹತ್ತಿ ಇಳಿಯುತ್ತಿದ್ದೇನೆ, ಅದು ನನ್ನನ್ನು ಒಮ್ಮೆಯೂ ಬೀಳಿಸಿಲ್ಲ. ನಾನು ಬಿದ್ದದ್ದು ಬಚ್ಚಲುಮನೆಯ ಹೊಸ್ತಿಲಲ್ಲಿ, ಸಮತಟ್ಟಾದ ನೆಲದ ಮೇಲೆ, ಹಗಲು ಬೆಳಕಿನಲ್ಲಿ, ಕೈಯಲ್ಲಿ ಖಾಲಿ ಚೊಂಬು ಹಿಡಿದುಕೊಂಡು. ಹೇಳಿಕೊಳ್ಳುವಂಥ ಸಾಹಸ ಇದರಲ್ಲಿ ಏನೂ ಇಲ್ಲದ್ದರಿಂದ ಏಣಿಯ ಕತೆಯನ್ನು ತಿದ್ದಲು ಹೋಗಲಿಲ್ಲ.

ತಿಪಟೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮಂಡಿಚಿಪ್ಪಿನಲ್ಲಿ ಕೂದಲೆಳೆಯಂಥ ಒಂದು ಗೆರೆ ತೋರಿಸಿದರು. ತೆಂಗಿನಕಾಯಿಗೆ ಮೊದಲ ಏಟು ಬಿದ್ದಾಗ ಚಿಪ್ಪಿನ ಮೇಲೆ ಮೂಡುವ ಗೆರೆಯೂ ಹೀಗೆಯೇ ಇರುತ್ತದೆ, ಆದ್ದರಿಂದ ನನಗೆ ವಿವರಿಸಿ ಹೇಳಬೇಕಾಗಲಿಲ್ಲ. ಪ್ಲಾಸ್ಟರ್ ಹಾಕಿ "ಮಲಗಿರಿ" ಎಂದರು. ಮಲಗಿದೆ. ಡಾಕ್ಟರ ಮಾತುಗಳಲ್ಲಿ ನಾನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದನ್ನೇ.

ನಮ್ಮ ಮನೆಯಲ್ಲಿ ಮಂಚ ಇರಲಿಲ್ಲ. ರಾತ್ರಿ ನಡುಮನೆಯಲ್ಲಿ ಹಾಸಿಗೆ ಹಾಸುವುದು, ಬೆಳಿಗ್ಗೆ ಸುತ್ತಿ ಮೂಲೆಗೆ ನಿಲ್ಲಿಸುವುದು, ಇದೇ ರೂಢಿ. ಸುತ್ತದಿದ್ದರೆ ಓಡಾಡಲು ಜಾಗವೇ ಇರುವುದಿಲ್ಲ. ಇದರಲ್ಲಿ ಶಿಸ್ತು ಏನೂ ಇಲ್ಲ, ಮನೆ ಚಿಕ್ಕದು ಅಷ್ಟೆ. ಮಂಡಿ ಮುರಿದವಳು ನೆಲದಲ್ಲಿ ಮಲಗಬಾರದೆಂದು ಪಕ್ಕದ ಮನೆಯ ಗಂಗಮ್ಮ ತನ್ನ ಅಟ್ಟದಡಿ ಇದ್ದ ಮರದ ಮಂಚವನ್ನು ಹೊರಿಸಿಕೊಂಡು ಬಂದಳು. ನಾನು ಸೊಸೆಯಾಗಿ ಈ ಊರಿಗೆ ಬಂದ ಕಾಲದಿಂದ ಅವಳು ನನ್ನ ಗೆಳತಿ. ಮಂಚದ ಕಾಲನ್ನು ತಟ್ಟಿ ತೋರಿಸುತ್ತಾ, "ಬಲೇ ಗಟ್ಟಿ ಮಂಚ ಕಣೇ ಸಾರಮ್ಮ. ನಮ್ಮತ್ತೆ ಇದ್ರ ಮ್ಯಾಲೆ ಮಲಗಿದೋರು ಮತ್ತೆ ಎದ್ದೇ ಇಲ್ಲ" ಎಂದು ಅದರ ಗುಣ ಹೇಳಿದಳು.

ಮಂಚದಲ್ಲಿ ಒಂದು ವಿಶೇಷವಿದೆ. ಅದರ ಮೇಲಿನ ಹಾಸಿಗೆಯನ್ನು ಸುತ್ತಬೇಕಾಗಿಲ್ಲ. ಬೆಳಗಾದರೂ ಅದು ಹಾಸಿಯೇ ಇರುತ್ತದೆ, ಮಧ್ಯಾಹ್ನವೂ ಹಾಸಿಯೇ ಇರುತ್ತದೆ. ನನ್ನ ಸೊಸೆ, ನಿಮ್ಮ ಅತ್ತೆ ಸುಗುಣ ಕಾಫಿಯನ್ನು ಮಂಚದ ಬಳಿಗೇ ತಂದುಕೊಡುತ್ತಿದ್ದಳು. ಈ ಮನೆಯಲ್ಲಿ ಬೆಳಗಿನ ಕಾಫಿಯನ್ನು ಕೊಟ್ಟು ನನಗೆ ಗೊತ್ತಿತ್ತು, ತೆಗೆದುಕೊಂಡು ಗೊತ್ತಿರಲಿಲ್ಲ. ಮೊದಲ ಎರಡು ದಿನ ನಾಚಿಕೆಯಾಯಿತು. ಆಮೇಲೆ ಕಾಫಿ ಸ್ವಲ್ಪ ತಡವಾದರೆ ಅಡುಗೆಮನೆಯ ಕಡೆ ನೋಡುವಷ್ಟು ಅಭ್ಯಾಸವಾಯಿತು.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು, "ಅಮ್ಮಾ, ಇನ್ಮೇಲೆ ಮಲಗೋದಲ್ಲ ಔಷಧಿ. ದಿನಾ ಮಂಚದ ಅಂಚಲ್ಲಿ ಕೂತು ಮಂಡಿ ಮಡಿಸಿ ಬಿಡಿಸಿ ಮಾಡ್ಬೇಕು. ವಾಕರ್ ಹಿಡಿದು ನಡೀಬೇಕು. ನೋವಾಗುತ್ತೆ, ಆದ್ರೂ ಮಾಡ್ಬೇಕು. ಈಗ ಬಿಟ್ರೆ ಮಂಡಿ ಹಿಂಗೇ ಬಿಗಿದ್ಕೊಳ್ಳುತ್ತೆ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಎಂದರು. ಮಂಡಿ ಬಿಗಿದುಕೊಂಡರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನೆಲಕ್ಕೆ ಕೂತು ತರಕಾರಿ ಹೆಚ್ಚುವಂತಿಲ್ಲ. ಅಟ್ಟ ಹತ್ತುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ದೇವಾಲಯದಲ್ಲಿ ಎಲ್ಲರೂ ಮೊಣಕಾಲೂರಿದಾಗ ನಾನು ಹಿಂದಿನ ಬೆಂಚಿನಲ್ಲಿ ಕೂತು ಕುತ್ತಿಗೆ ಮಾತ್ರ ಬಗ್ಗಿಸಬೇಕು. ನಿಮ್ಮ ತಾತ ಹೋದ ಮೇಲೆ ನನಗೆ ಧೈರ್ಯ ಬರುತ್ತಿದ್ದ ಭಂಗಿ ಅದೊಂದೇ. ನಿಂತು ಮಾತಾಡಲು ಬಾರದವಳಿಗೆ ಮೊಣಕಾಲೂರಿದರೆ ಮಾತು ಬರುತ್ತಿತ್ತು. ಅದು ಹೋಗಬಾರದು ಎಂಬ ಭಯವಿತ್ತು. ಭಯ ಮಂಚದ ಮೇಲೆ ನನ್ನ ಜೊತೆಯಲ್ಲೇ ಮಲಗಿತ್ತು, ಇಬ್ಬರೂ ಏಳಲಿಲ್ಲ.

ಸೋಮಾರಿಗೆ ಕೆಲಸವಿಲ್ಲ ಎಂದು ನಾನು ತಿಳಿದಿದ್ದೆ. ಆಗ ಗೊತ್ತಾಯಿತು, ಸೋಮಾರಿಗೆ ಇರುವಷ್ಟು ಕೆಲಸ ದುಡಿಯುವವರಿಗೆ ಇರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಾರಣಗಳನ್ನು ಒದಗಿಸುತ್ತಲೇ ಇರಬೇಕು. ಬೆಳಿಗ್ಗೆ ಚಳಿ, ಮಂಡಿ ಸೆಟೆದಿರುತ್ತದೆ. ಮಧ್ಯಾಹ್ನ ಮುದ್ದೆ ಉಂಡಿರುತ್ತೇನೆ, ಉಂಡ ಮೇಲೆ ಆಯಾಸ ಮಾಡಿಕೊಳ್ಳಬಾರದು. ಸಂಜೆ ಬೀದಿಯಲ್ಲಿ ಜನ, ವಾಕರ್ ಹಿಡಿದು ನಡೆದರೆ ನೋಡುತ್ತಾರೆ, ನನಗೋ ಸಂಕೋಚ. ಯಾರೂ ಇಲ್ಲದಾಗ ನಡೆಯೋಣವೆಂದರೆ, ಯಾರೂ ಇಲ್ಲದಾಗ ಬಿದ್ದರೆ ಎತ್ತುವವರು ಯಾರು? ಹೀಗೆ ಪ್ರತಿಯೊಂದು ಕಾರಣವೂ ಬಹಳ ನ್ಯಾಯವಾಗಿಯೇ ಇತ್ತು. ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ. "ದೇವರೇ, ಮಂಡಿಯನ್ನು ಸರಿಮಾಡಪ್ಪಾ" ಎಂದು ದಿನವೂ ಮಲಗಿಕೊಂಡು ಬೇಡುತ್ತಿದ್ದೆ. ಅವನು ಡಾಕ್ಟರ ಬಾಯಲ್ಲಿ ಉತ್ತರ ಕೊಟ್ಟು ಆಗಿತ್ತು. ನಾನು ಇನ್ನೂ ಬೇರೆ ಉತ್ತರ ಬರಬಹುದೆಂದು ಕಾಯುತ್ತಿದ್ದೆ.

ಇಲ್ಲಿ ಅಟ್ಟದ ಮಾತು ಬರುತ್ತದೆ. ಹಾಸನದ ಪೇಟೆಯಲ್ಲಿ ಬೆಳೆದ ನಿಮಗೆ ಕೊಬ್ಬರಿ ಡಬ್ಬದಲ್ಲಿ ಗೊತ್ತು. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಇರುತ್ತದೆ. ಬಿಸಿಲಿಗೆ ಹಾಕುವುದಿಲ್ಲ, ಒಲೆಗೆ ಇಡುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಇಡಿಯ ಉಂಡೆಯಾಗಿ ಕೊಬ್ಬರಿಯಾಗುತ್ತದೆ. ನನ್ನ ಮಂಚವಿದ್ದದ್ದು ಸರಿಯಾಗಿ ಆ ಅಟ್ಟದ ಕೆಳಗೆ. ಮಲಗಿ ಮೇಲೆ ನೋಡಿದರೆ ಅಟ್ಟಕ್ಕೆ ಹಾಸಿದ ಬಿದಿರು ದಬ್ಬೆಗಳ ಸಂದಿಯಲ್ಲಿ ಕಾಯಿಗಳು ಕಾಣುತ್ತಿದ್ದವು. ಅವೂ ಮಲಗಿದ್ದವು. ಅವನ್ನು ಯಾರೂ ಎಬ್ಬಿಸುತ್ತಿರಲಿಲ್ಲ, ನಡೆಯಿರಿ ಎನ್ನುತ್ತಿರಲಿಲ್ಲ. ಆದರೂ ಒಳಗೊಳಗೇ ಆಗಬೇಕಾದ್ದು ಆಗುತ್ತಿತ್ತು. ನೋಡುತ್ತಾ ನೋಡುತ್ತಾ ನನಗೊಂದು ದೊಡ್ಡ ವಿಚಾರ ಹೊಳೆಯಿತು. ಮಲಗಿದವರಿಗೆ ದೊಡ್ಡ ವಿಚಾರಗಳು ಬೇಗ ಹೊಳೆಯುತ್ತವೆ.

ಅದನ್ನು ನಾನು ಅಯ್ಯನವರಿಗೆ ಹೇಳಿಬಿಟ್ಟೆ. ಅಯ್ಯನವರೆಂದರೆ ನಮ್ಮ ಸಭೆಗೆ ಹೊಸದಾಗಿ ಬಂದಿರುವ ಸಭಾಪಾಲಕರು, ಬೀದರ್ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಬೈಕಿನಲ್ಲಿ ಬಂದು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ನನ್ನನ್ನು ಸಂತೈಸಲೆಂದು, ಇಳಿದರೆ ರೋಗ ವಾಸಿಯಾಗುತ್ತದೆನ್ನುವ ಕೊಳದ ದಡದಲ್ಲಿ ಬಹುಕಾಲದಿಂದ ಮಲಗಿದ್ದ ಒಬ್ಬ ರೋಗಿಯನ್ನು ಯೇಸುಸ್ವಾಮಿ ವಾಸಿಮಾಡಿದ ಭಾಗವನ್ನು ಓದಿದರು. ಸ್ವಾಮಿ ಅವನನ್ನು ಮೊದಲು ಕೇಳಿದ್ದು, ವಾಸಿಯಾಗುವ ಮನಸ್ಸಿದೆಯಾ ಎಂದು. ಚಿಕ್ಕಂದಿನಿಂದ ಕೇಳಿದ ಕತೆ, ಪ್ರತಿ ಸಲವೂ ಅಲ್ಲಿ ನನಗೆ ಕಸಿವಿಸಿ. ಮಲಗಿದವನನ್ನು ಕೇಳುವ ಪ್ರಶ್ನೆಯೇ ಅದು? ಆ ಸಲ ಮಾತ್ರ ಮಂಚದ ಮೇಲಿಂದ ಕೇಳಿದ್ದರಿಂದ ಇನ್ನೊಂದು ವಿಷಯ ಗಮನಕ್ಕೆ ಬಂತು. ಆ ಮನುಷ್ಯ ಹೌದು ಎನ್ನುವುದಿಲ್ಲ. ತನ್ನನ್ನು ಕೊಳಕ್ಕೆ ಇಳಿಸುವವರು ಯಾರೂ ಇಲ್ಲ ಎಂದು ಕಾರಣ ಹೇಳುತ್ತಾನೆ. ಅವನ ಮೇಲೆ ನನಗೆ ತುಂಬಾ ಪ್ರೀತಿ ಹುಟ್ಟಿತು.

ಪುಸ್ತಕ ಮುಚ್ಚಿ ಅಯ್ಯನವರು, "ದಿನಾ ನಡೀತೀರೇನ್ರಿ ಅಮ್ಮಾರ?" ಎಂದರು.

ನಾನು ಅಟ್ಟ ತೋರಿಸಿದೆ. "ಕಾಯಿ ಅಲ್ಲಿ ಸುಮ್ನೆ ಬಿದ್ದಿರ್ತವೆ ಅಯ್ಯನೋರೇ, ಯಾರೂ ಏನೂ ಮಾಡಲ್ಲ, ತಾವಾಗೇ ಕೊಬ್ಬರಿ ಆಯ್ತವೆ. ನಾನೂ ಹಂಗೇ ದೇವರ ಚಿತ್ತಕ್ಕೆ ಕಾಯ್ತಿದ್ದೀನಿ" ಎಂದೆ.

ಅವರ ಮುಖ ಅರಳಿತು. "ಎಂಥಾ ಮಾತಂದ್ರಿ ಅಮ್ಮಾರ! ನಮ್ಮ ಕಡೆ ತೊಗರಿ ಬೆಳೀತೀವ್ರಿ, ಕೊಬ್ಬರಿ ಅಂಗಡ್ಯಾಗ ನೋಡೀನಿ ಅಷ್ಟ" ಎಂದು ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡು, ಪ್ರಾರ್ಥನೆ ಮಾಡಿ ಹೊರಟರು. ಸಂಕೋಚದವಳು ಅಪರೂಪಕ್ಕೆ ಬಾಯಿ ಬಿಟ್ಟರೆ ಹೀಗಾಗುತ್ತದೆ.

ಭಾನುವಾರ ದೇವಾಲಯದಿಂದ ಬಂದ ಸುಗುಣ ಬಾಗಿಲಲ್ಲೇ ನಿಂತು, "ಅತ್ತೆ, ಇವತ್ತು ಪ್ರಸಂಗ ಪೂರ್ತಿ ನೀವೇ ಕಣತ್ತೆ" ಎಂದಳು. ಅಯ್ಯನವರು ಆರಾಧನೆಯ ಉಪದೇಶದಲ್ಲಿ ತಾಳ್ಮೆಯ ಮೇಲೆ ಮಾತಾಡಿ, ಅಟ್ಟದ ಕಾಯಿಯನ್ನೂ ನನ್ನನ್ನೂ ಒಟ್ಟಿಗೆ ಇಟ್ಟು ಹೊಗಳಿದ್ದರು. "ಎಲ್ರೂ ತಿರುಗಿ ನನ್ನೇ ನೋಡಿದ್ರು. ಹಿಂದೆ ಇಬ್ಬರು ಮೂವರು ನಕ್ರು."

"ಯಾಕೆ ನಕ್ರು?"

"ಅವ್ರ ಮನೇಲೂ ಅಟ್ಟ ಐತಲ್ಲತ್ತೆ."

ಸಂಜೆ ಗಂಗಮ್ಮ ಬಂದಳು. ಅವಳು ನಮ್ಮ ದೇವಾಲಯಕ್ಕೆ ಬರುವವಳಲ್ಲ, ಲಿಂಗ ಕಟ್ಟಿಕೊಂಡವಳು. ಆದರೆ ಪ್ರಸಂಗ ಅವಳ ಮನೆಯವರೆಗೆ ತಾನೇ ನಡೆದುಕೊಂಡು ಹೋಗಿತ್ತು. ಮಂಚದ ಅಂಚಿನಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, "ನಿಮ್ಮ ಅಯ್ಯನೋರು ಕೊಬ್ಬರಿ ತಿಂದವ್ರೆ, ಅಟ್ಟ ಹತ್ತಿಲ್ಲ, ಅವ್ರನ್ನ ಬುಡು. ನಿಂಗೇನಾಗಿತ್ತೇ? ಕಾಯಿ ಸುಮ್ನೆ ಬಿದ್ದಿರ್ತದೆ, ಸರಿ. ಕಾಯಿ ಯಜಮಾನ ಸುಮ್ನೆ ಬಿದ್ದಿರ್ತಾನಾ? ನಿನ್ನ ಗಂಡ ಒಂದು ಶನಿವಾರನಾದ್ರೂ ಅಟ್ಟ ಹತ್ತದೆ ಇದ್ದುದ್ ನೋಡಿದ್ಯಾ ನೀನು?" ಎಂದಳು.

ನೋಡಿರಲಿಲ್ಲ. ನಿಮ್ಮ ತಾತ ಶನಿವಾರ ಸಂಜೆ ಅಟ್ಟ ಹತ್ತದೆ ಭಾನುವಾರದ ಬಟ್ಟೆ ತೆಗೆದಿಡುತ್ತಿರಲಿಲ್ಲ. ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಮೊದಮೊದಲು ನೀರು ತುಳುಕುತ್ತದೆ. ಆಮೇಲೆ ಬಹಳ ಕಾಲ ಏನೂ ಕೇಳುವುದಿಲ್ಲ. ಕೊನೆಗೆ ಒಂದು ದಿನ ಒಳಗೆ ಉಂಡೆ ಕುಲುಕಿ ಚಿಪ್ಪಿಗೆ ಬಡಿಯುತ್ತದೆ. ಆ ಸದ್ದು ಬರುವ ಮೊದಲೇ ಆತುರಪಟ್ಟು ಒಡೆದರೆ ತಿರುಳು ಚಿಪ್ಪಿಗೇ ಅಂಟಿಕೊಂಡು ಚೂರಾಗುತ್ತದೆ. ಹಾಗೆಂದು ಹತ್ತದೆ ಬಿಟ್ಟರೆ ಒಂದಕ್ಕೆ ಮೊಳಕೆ ಬಂದಿರುತ್ತದೆ, ಇನ್ನೊಂದು ಬಿರುಕು ಬಿಟ್ಟು ಕೊಳೆತು ಪಕ್ಕದವನ್ನೂ ಕೆಡಿಸಿರುತ್ತದೆ. ಹತ್ತಿ, ಕೇಳಿ, ಕೆಟ್ಟದ್ದನ್ನು ತೆಗೆದು, ಉಳಿದದ್ದನ್ನು ಮತ್ತೆ ಇದ್ದಲ್ಲೇ ಇಟ್ಟು ಇಳಿದು ಬರುತ್ತಿದ್ದರು. ನೋಡುವವರಿಗೆ ಏನೂ ಕೆಲಸ ಮಾಡಿದ ಹಾಗೆ ಕಾಣುತ್ತಿರಲಿಲ್ಲ. ಅವರ ನಂತರ ಅದನ್ನು ನಾನು ಮಾಡುತ್ತಿದ್ದೆ. ನಾನು ಮಲಗಿದ ಮೇಲೆ ಸುಗುಣ ಹತ್ತುತ್ತಿದ್ದಾಳೆಂದು ನಿಮ್ಮ ಮಾವ ತಿಳಿದಿದ್ದ, ನಿಮ್ಮ ಮಾವ ಹತ್ತುತ್ತಿದ್ದಾನೆಂದು ಸುಗುಣ ತಿಳಿದಿದ್ದಳು. ಮನೆಯಲ್ಲಿ ಎಲ್ಲರಿಗೂ ಒಬ್ಬರ ಮೇಲೊಬ್ಬರಿಗೆ ಬಹಳ ನಂಬಿಕೆ.

"ಮಲಗು, ಮಲಗು" ಎಂದು ಗಂಗಮ್ಮ ಎದ್ದಳು. "ನಮ್ಮತ್ತೇನೂ ಹಿಂಗೇ ಅಂತಿದ್ರು, ನಾಳೆ ಏಳ್ತೀನಿ ಅಂತ."

ಮಾರನೆಯ ಬೆಳಿಗ್ಗೆ ನಾನು ಮಲಗಿಕೊಂಡು ಪ್ರಾರ್ಥನೆ ಮಾಡುತ್ತಿದ್ದಾಗ ಹಣೆಯ ಮೇಲೆ ಒಂದು ತೊಟ್ಟು ನೀರು ಬಿತ್ತು. ನನಗೆ ಹಸುಗೂಸಾಗಿದ್ದಾಗಲೇ ದೀಕ್ಷಾಸ್ನಾನವಾಗಿದೆ, ಇನ್ನೊಂದರ ಅಗತ್ಯವಿರಲಿಲ್ಲ. ಒರೆಸಿ ಮೂಸಿದೆ. ಕೊಳೆತ ಕಾಯಿಯ ಹುಳಿ ವಾಸನೆ. ನನಗೆ ಮೊದಲು ಹೊಳೆದದ್ದು ಮಂಚವನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕೆಂದು. ಅದಕ್ಕಾಗಿ ಸುಗುಣಳನ್ನು ಕೂಗಿದೆ. ಅವಳು ಕೊಟ್ಟಿಗೆಯಲ್ಲಿದ್ದಳು, ಕೇಳಿಸಲಿಲ್ಲ. ಎರಡನೆಯ ತೊಟ್ಟು ಬಿತ್ತು. ನಿಮ್ಮ ತಾತ ಬದುಕಿದ್ದ ಅಷ್ಟೂ ಕಾಲದಲ್ಲಿ ಆ ಅಟ್ಟದಿಂದ ಒಂದು ಹನಿ ಕೆಳಗೆ ಬಿದ್ದದ್ದಿಲ್ಲ. ನಾನು ವಾಕರ್ ಹಿಡಿದು ಎದ್ದೆ. ಏಣಿಯ ಬುಡದವರೆಗೆ ಹೋದೆ. ಅದು ನಡಿಗೆ ಎಂದು ನನಗೆ ಗೊತ್ತಾಗಲಿಲ್ಲ, ಕೋಪ ಎಂದುಕೊಂಡಿದ್ದೆ. ಹಾಲಿನ ಪಾತ್ರೆ ಹಿಡಿದು ಒಳಗೆ ಬಂದ ಸುಗುಣ ನಿಂತುಬಿಟ್ಟಳು. "ಅತ್ತೆ! ನಡೀತಿದ್ದೀರಾ!" ಆಗ ನೋವು ಶುರುವಾಯಿತು.

ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಶೆಟ್ಟಿಕೆರೆ ಕಡೆ ಹೊರಟಿದ್ದ ಅಯ್ಯನವರು ಪ್ರಸಂಗ ನನಗೆ ಮುಟ್ಟಿತೇ ಎಂದು ಕೇಳಲು ಬಂದಿದ್ದರು. ಏಣಿಯ ಬುಡದಲ್ಲಿ ನನ್ನನ್ನು ಕಂಡು, ಮೇಲಿಂದ ತೊಟ್ಟಿಕ್ಕುತ್ತಿದ್ದುದನ್ನೂ ಕಂಡು, ಬೂಟು ಬಿಚ್ಚಿ ಬಿಳಿ ಅಂಗಿಯಲ್ಲೇ ಅಟ್ಟ ಹತ್ತಿದರು. ಕಾಯಿಗಳನ್ನು ಸರಿಸುವ ಸದ್ದು ಕೇಳಿಸಿತು. ಆಮೇಲೆ ಮೇಲಿಂದ, "ಅಮ್ಮಾರ, ಇಲ್ಲಿ ಕೆಲವಕ್ಕ ಮೊಳಕಿ ಬಂದಾವ್ರಿ" ಎಂದರು.

"ಕೊಡಿ ಕೆಳಕ್ಕೆ, ಅಯ್ಯನೋರೇ."

"ಕೊಳತದ್ದೂ ಅದಾವ್ರಿ."

"ಅವನ್ನೂ ಕೊಡಿ."

ದಬ್ಬೆಗಳ ಸಂದಿಯಿಂದ ಅವರ ಮುಖ ಕಾಣಿಸಿತು. "ಸುಮ್ನ ಬಿದ್ರ ತಾವಾಗೇ ಆಗ್ತಾವಂದಿದ್ರಲ್ರಿ?"

ನಾನು ವಾಕರಿನ ರಬ್ಬರಿನ ಕಾಲುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಸುಗುಣ ಹಾಲು ಕಾಯಿಸಬೇಕೆಂದು ಅಡುಗೆಮನೆಗೆ ಹೋಗಿ ಅಲ್ಲಿ ಒಬ್ಬಳೇ ನಕ್ಕಳು. ಮುಂದಿನ ಭಾನುವಾರ ಅಯ್ಯನವರು ಅದೇ ಪ್ರಸಂಗದ ಎರಡನೆಯ ಭಾಗ ಮಾಡಿದರು. ಯಾರ ಹೆಸರನ್ನೂ ಎತ್ತಲಿಲ್ಲವಂತೆ. ಎಲ್ಲರೂ ಸುಗುಣಳನ್ನೇ ನೋಡಿದರಂತೆ.

ಆವತ್ತಿನಿಂದ ಹೀಗೆ ನಡೆಯಿತು. ಸುಗುಣ ಬೆಳಿಗ್ಗೆ ಅಟ್ಟ ಹತ್ತಿ ಒಂದು ಮಂಕರಿ ಕಾಯಿ ಇಳಿಸುತ್ತಾಳೆ. ನಾನು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತೇನೆ. ಒಂದು ಕಾಯಿ ಅಲ್ಲಾಡಿಸಿ ಕೇಳುವುದು, ಒಂದು ಸಲ ಮಂಡಿ ಮಡಿಸುವುದು. ಮತ್ತೊಂದು ಕಾಯಿ, ಮತ್ತೊಂದು ಸಲ. ಡಾಕ್ಟರು ಹೇಳಿದ್ದಕ್ಕಾಗಿ ಮಡಿಸಲಾರದವಳು ಕಾಯಿಯ ಮುಲಾಜಿಗೆ ಮಡಿಸಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಕಾಯಿಯ ಸದ್ದನ್ನು ಸುಗುಣಳಿಗೂ ಕೇಳಿಸುತ್ತಿದ್ದೆ. "ನಂಗೇನೂ ಕೇಳಿಸ್ತಿಲ್ಲತ್ತೆ" ಎನ್ನುತ್ತಿದ್ದಳು. "ಏನೂ ಕೇಳಿಸದೆ ಇರೋದೇ ಸರಿ, ಈಗ ಅದು ಸುಮ್ನಿರೋ ಕಾಲ, ಮತ್ತೆ ಮೇಲಕ್ಕಿಡು" ಎನ್ನುತ್ತಿದ್ದೆ. ಸಂಜೆ ವಾಕರ್ ಹಿಡಿದು ಗಂಗಮ್ಮನ ಜಗಲಿಯವರೆಗೆ ಹೋಗಿ ಬರುತ್ತಿದ್ದೆ. ಬೀದಿಯವರು ಮೊದಲ ದಿನ ನೋಡಿದರು. ಎರಡನೆಯ ದಿನ ಅವರಿಗೆ ಬೇರೆ ಕೆಲಸವಿತ್ತು. ನನ್ನ ಸಂಕೋಚ ನನ್ನನ್ನು ಎಷ್ಟು ದೊಡ್ಡ ಮನುಷ್ಯಳೆಂದು ತಿಳಿದಿತ್ತೋ!

ಮತ್ತೆ ತೋರಿಸಿಕೊಳ್ಳಲು ಹೋದಾಗ ಡಾಕ್ಟರು ಮಂಡಿಯನ್ನು ಬಗ್ಗಿಸಿ ನೋಡಿ, "ಬೇಗ ಶುರು ಮಾಡಿದ್ರೆ ಪೂರ್ತಿ ಬರ್ತಿತ್ತಮ್ಮ. ಈಗ ಮುಕ್ಕಾಲು ಬಂದಿದೆ, ಬಿಡದೇ ಮಾಡಿ" ಎಂದರು. ಆ ಉಳಿದ ಕಾಲು ಭಾಗ ಎಲ್ಲಿ ಹೋಯಿತೆಂದು ನನಗೆ ಗೊತ್ತು. ಅದು ಮಂಚದ ಮೇಲೆ ಖರ್ಚಾಯಿತು.

ಮುಕ್ಕಾಲು ಮಂಡಿ ಮೊಣಕಾಲೂರಲು ಸಾಕೇ ಎಂದು ನೋಡಲು, ಒಂದು ಬೆಳಿಗ್ಗೆ ಮಂಚದ ಪಕ್ಕ ಮಡಿಸಿದ ಕಂಬಳಿ ಹಾಕಿ, ಮಂಚವನ್ನು ಹಿಡಿದುಕೊಂಡು ಇಳಿದೆ. ಸಾಕಾಯಿತು. ಎಷ್ಟೋ ದಿನಗಳ ಮೇಲೆ ಮಾತು ತಾನಾಗಿ ಬಂತು. ನಿಮ್ಮಿಬ್ಬರ ಹೆಸರೂ ಬಂತು, ಕೊಳದ ದಡದ ಆ ಮನುಷ್ಯನದೂ ಬಂತು. ಆಮೆನ್ ಎಂದು ಏಳಲು ಹೋದೆ. ಏಳಲಾಗಲಿಲ್ಲ. ಸುಗುಣ ತೋಟದಲ್ಲಿದ್ದಳು. ಅವಳು ಬರುವವರೆಗೆ ಊರಿನವರೆಲ್ಲರಿಗಾಗಿ ಪ್ರಾರ್ಥಿಸಿದೆ. ನನಗೆ ಅಷ್ಟಾಗಿ ಸರಿಬರದವರಿಗಾಗಿಯೂ ಪ್ರಾರ್ಥಿಸಿದೆ, ಅಷ್ಟು ಹೊತ್ತಿತ್ತು.

ಅಲ್ಲಿ ಮೊಣಕಾಲೂರಿದ್ದಾಗ ನನ್ನ ಕಣ್ಣಿಗೆ ನೇರವಾಗಿದ್ದದ್ದು ಮಂಚದ ಮೇಲೆ ಹಾಸಿಯೇ ಇದ್ದ ಹಾಸಿಗೆ. ಆಗ ಆ ಕತೆಯಲ್ಲಿ ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಮಾತು ನೆನಪಾಯಿತು. ಸ್ವಾಮಿ ಅವನಿಗೆ ಎದ್ದು ನಡೆ ಎಂದಷ್ಟೇ ಹೇಳಲಿಲ್ಲ, ಹಾಸಿಗೆಯನ್ನೂ ಎತ್ತಿಕೋ ಎಂದರು. ಅಷ್ಟು ಕಾಲ ನರಳಿದವನಿಗೆ ಒಂದು ದಿನ ಬಿಡುವು ಕೊಡಬಹುದಿತ್ತು. ಬೇರೆ ಯಾರಾದರೂ ಎತ್ತಬಹುದಿತ್ತು. ಆದರೆ ಹಾಸಿಗೆ ಅಲ್ಲೇ ಹಾಸಿಕೊಂಡಿದ್ದರೆ ಸಂಜೆಗೆ ಮತ್ತೆ ಬಂದು ಒರಗಿಬಿಡುತ್ತಾನೆ ಎಂದು ಸ್ವಾಮಿಗೆ ಗೊತ್ತಿತ್ತೆಂದು ಕಾಣುತ್ತದೆ. ವಾಸಿಮಾಡುವುದು ಅವರ ಕೆಲಸ, ಅದನ್ನು ಅವನಿಗೆ ಬಿಡಲಿಲ್ಲ. ಹಾಸಿಗೆ ಎತ್ತುವುದು ಅವನ ಕೆಲಸ, ಅದನ್ನು ತಾವು ಮಾಡಲಿಲ್ಲ. ನಾನು ಎರಡನ್ನೂ ಅವರಿಗೇ ಬಿಟ್ಟು, ಅದಕ್ಕೆ ಭಕ್ತಿ ಎಂದು ಹೆಸರಿಟ್ಟುಕೊಂಡು ಮಲಗಿದ್ದೆ.

ಮಂಚ ಇನ್ನೂ ನಮ್ಮಲ್ಲೇ ಇದೆ. ನೆಲದಲ್ಲಿ ಮಲಗಿದರೆ ಏಳಲು ಮಂಡಿ ಒಪ್ಪುವುದಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಸುತ್ತಿ ತಲೆಯ ಕಡೆ ನಿಲ್ಲಿಸುತ್ತೇನೆ. ಹಗಲೆಲ್ಲ ಬರಿಯ ಹಲಗೆ. "ಮಂಚದ ಮೇಲಿನ ಹಾಸಿಗೆ ಯಾರಾದ್ರೂ ಸುತ್ತುತಾರಾ ಅತ್ತೆ?" ಎಂದು ಸುಗುಣ ಕೇಳುತ್ತಾಳೆ. ಗಂಗಮ್ಮ ಕೇಳುವುದಿಲ್ಲ. ಹಲಗೆ ತಟ್ಟಿ ನೋಡಿ, "ಈ ಮಂಚದಿಂದ ಎದ್ದೋಳು ನೀನೊಬ್ಳೇ ಕಣೇ" ಎನ್ನುತ್ತಾಳೆ. ಅಟ್ಟವನ್ನು ನಾನಿನ್ನೂ ಹತ್ತಿಲ್ಲ. ಹೋದ ಶನಿವಾರ ಏಣಿಯ ಮೊದಲ ಮೆಟ್ಟಿಲ ಮೇಲೆ ನಿಂತು ಇಳಿದೆ. ಮೇಲೆ ಸುಗುಣ ಒಂದು ಕಾಯಿ ಅಲ್ಲಾಡಿಸಿ, "ಅತ್ತೆ, ಕೇಳಿಸ್ತು!" ಎಂದು ಕೂಗಿದಳು. ನನಗೂ ಕೇಳಿಸಿತು.

ಕರುಣಾ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ: ರಾತ್ರಿ ಮತ್ತೆ ಮಲಗುತ್ತೇವೆ, ನಿಜ, ಆದರೆ ಅಲ್ಲಿಯವರೆಗೆ ಮಲಗದಿರಲಿ ಎಂದು ಹೊದಿಕೆ ಮಡಿಸುವುದು. ಸ್ಯಾಮಿ, ನಿನ್ನ ಆಕಾರವನ್ನು ಹಾಸಿಗೆಯಲ್ಲಿ ಬಿಟ್ಟು ಹೋಗಬೇಡ, ಅದು ನೀನಿಲ್ಲದೆಯೂ ನಿದ್ದೆ ಮಾಡುತ್ತಿರುತ್ತದೆ. ಈ ಹಾಳೆಗಳನ್ನು ಇಬ್ಬರೂ ಜೋಪಾನ ಮಾಡಿ. ಬೀರುವಿನಲ್ಲಿ ಇಟ್ಟರೆ ಮರೆತುಬಿಡುತ್ತೀರಿ. ನಿಮ್ಮ ಹಾಸಿಗೆಯ ಕೆಳಗೆ ಇಡಿ. ದಿನವೂ ಹಾಸಿಗೆ ಎತ್ತಿದರೆ ದಿನವೂ ಕಣ್ಣಿಗೆ ಬೀಳುತ್ತವೆ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಬಂದಾಗ ತೆಗೆದು ನೋಡುತ್ತೇನೆ. ದಿನವೂ ತೆಗೆದಿಟ್ಟು ಹಾಳೆಗಳ ಅಂಚು ಸವೆದಿದ್ದರೆ ನಾನು ಏನೂ ಕೇಳುವುದಿಲ್ಲ, ಊಟ ಆಯ್ತಾ ಎಂದಷ್ಟೇ ಕೇಳುತ್ತೇನೆ.